ಶಸ್ತ್ರಚಿಕಿತ್ಸೆಗೆ ಮುನ್ನ ಎರಡು ವಾರ ದ್ರವಾಹಾರ: ತಿನ್ನುವ ಬಯಕೆಯನ್ನು ದಾಟುವ ಬಗೆ

ಮೂರನೆಯ ದಿನದ ಸಂಜೆ ಮಕ್ಕಳಿಗೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ಕಾವಲಿಯಿಂದ ಎತ್ತುವಾಗ ಅಂಚಿನ ಗರಿಗರಿ ಚೂರೊಂದು ಮುರಿದು ಕೈಗೆ ಬಂತು. ಅದು ಬಾಯಿಗೆ ಹೋಗಿದೆ ಎಂದು ನನಗೆ ಗೊತ್ತಾದದ್ದು ಹಲ್ಲಿಗೆ ಸಿಕ್ಕಿ ಸದ್ದು ಮಾಡಿದಾಗ. ಸಿಂಕಿಗೆ ಓಡಿ ಉಗುಳಿ, ಬಾಯಿ ಮುಕ್ಕಳಿಸಿ, ನಲ್ಲಿ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ. ತಿನ್ನಬೇಕೆಂದು ನಾನು ನಿರ್ಧರಿಸಿರಲಿಲ್ಲ. ಇಪ್ಪತ್ತು ವರ್ಷದಿಂದ ಒಲೆಯ ಮುಂದೆ ನಿಂತ ಕೈ ತನ್ನ ರೂಢಿಯ ಕೆಲಸ ಮಾಡಿತ್ತು, ಅಷ್ಟೇ.

ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಮೊದಲು ಹದಿನಾಲ್ಕು ದಿನ ಬರೀ ದ್ರವ ಕುಡಿದು ಇದ್ದವಳು ನಾನು. ಆ ದಿನಗಳಲ್ಲಿ ಏನು ಕುಡಿಯಬೇಕೆಂಬ ಪಟ್ಟಿ ಆಸ್ಪತ್ರೆಯಿಂದ ಸಿಕ್ಕಿತ್ತು. ಸಂಜೆ ಐದಕ್ಕೆ ಪಕ್ಕದ ಮನೆಯಿಂದ ಈರುಳ್ಳಿ ಬಜ್ಜಿಯ ವಾಸನೆ ಬಂದರೆ ಏನು ಮಾಡಬೇಕೆಂದು ಆ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಎಷ್ಟು ದಿನ, ಎಷ್ಟು ಕ್ಯಾಲೊರಿ, ಯಾವ ದ್ರವ ಎಂಬುದರಲ್ಲಿ ನಿಮ್ಮ ಶಸ್ತ್ರಚಿಕಿತ್ಸಕರು ಮತ್ತು ಆಹಾರತಜ್ಞರು ಹೇಳಿದ್ದೇ ಕೊನೆಯ ಮಾತು. ನನ್ನ ಸಲಹೆ ಅವರ ಪಟ್ಟಿಗೆ ವಿರುದ್ಧವಾಗಿದ್ದರೆ ನನ್ನದನ್ನು ಬಿಡಿ.

ಇಷ್ಟು ಕಷ್ಟ ಯಾತಕ್ಕೆ?

ಕಾರಣ ಗೊತ್ತಿದ್ದರೆ ತಡೆದುಕೊಳ್ಳುವುದು ಸುಲಭ. ನಮ್ಮ ಯಕೃತ್ತಿನ, ಅಂದರೆ ಲಿವರಿನ, ಎಡಭಾಗ ಜಠರದ ಮೇಲಕ್ಕೆ ಚಾಚಿಕೊಂಡಿರುತ್ತದೆ. ಲ್ಯಾಪರೊಸ್ಕೋಪ್, ಅಂದರೆ ಕ್ಯಾಮೆರಾ ಇರುವ ಸಪೂರ ಕೊಳವೆಯ ಮೂಲಕ ಸಣ್ಣ ರಂಧ್ರಗಳಲ್ಲಿ ಕೆಲಸ ಮಾಡುವ ವೈದ್ಯರು ಮೊದಲು ಅದನ್ನು ಮೇಲೆತ್ತಿ ಹಿಡಿದು, ಆಮೇಲೆ ಜಠರವನ್ನು ಮುಟ್ಟಬೇಕು. ತೂಕ ಹೆಚ್ಚಿರುವ ಬಹುತೇಕರಲ್ಲಿ ಲಿವರಿನಲ್ಲಿ ಕೊಬ್ಬು ತುಂಬಿ ಅದು ದಪ್ಪವಾಗಿ, ಭಾರವಾಗಿರುತ್ತದೆ. ಎತ್ತುವಾಗ ಗಾಯವಾಗಿ ರಕ್ತ ಸೋರುವ ಅಪಾಯ ಇರುತ್ತದೆ. ಜಾಗ ಕಾಣದಿದ್ದರೆ ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯಬೇಕಾಗಬಹುದು, ಇಲ್ಲವೇ ಶಸ್ತ್ರಚಿಕಿತ್ಸೆಯನ್ನೇ ಮುಂದೂಡಬೇಕಾಗಬಹುದು.

ಪಿಷ್ಟ ಮತ್ತು ಸಕ್ಕರೆ ಕಡಿಮೆಯಾದಾಗ ಲಿವರ್ ತಾನು ಕೂಡಿಟ್ಟ ಗ್ಲೈಕೋಜನ್ನನ್ನು, ಅಂದರೆ ಸಕ್ಕರೆಯ ಸಂಗ್ರಹವನ್ನು, ಖರ್ಚು ಮಾಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುವುದರಿಂದ ಆ ನೀರೂ ಹೊರಹೋಗುತ್ತದೆ. ಹಿಂದೆಯೇ ಕೊಬ್ಬು ಕರಗತೊಡಗುತ್ತದೆ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ರೋಗಿಗಳು ಹನ್ನೆರಡು ವಾರ ಇಂಥ ಆಹಾರದಲ್ಲಿದ್ದರು. ಅವರ ಲಿವರ್ ಒಟ್ಟು ಕುಗ್ಗಿದ್ದರಲ್ಲಿ ಸುಮಾರು ಶೇ. 80 ಭಾಗ ಮೊದಲ ಎರಡು ವಾರಗಳಲ್ಲೇ ಆಗಿತ್ತು. ಹಲವು ಕಡೆ ಎರಡು ವಾರ ಎಂದು ಹೇಳುವುದರ ಹಿಂದೆ ಈ ಲೆಕ್ಕವಿದೆ. ನನಗೆ ಬಯಕೆ ಬಂದಾಗಲೆಲ್ಲ ಬಲಪಕ್ಕೆಯ ಕೆಳಗೆ ಕೈ ಇಟ್ಟುಕೊಂಡು, ಇಲ್ಲೊಂದು ಅಂಗ ಈ ಹೊತ್ತಿನಲ್ಲೇ ಸಣ್ಣದಾಗುತ್ತಿದೆ ಎಂದುಕೊಳ್ಳುತ್ತಿದ್ದೆ. ಅದು ನಿಜವೂ ಆಗಿತ್ತು.

ಬಯಕೆಯೋ, ಚಪಲವೋ?

ನಮ್ಮ ಭಾಷೆಯಲ್ಲೇ ಒಂದು ಅನ್ಯಾಯವಿದೆ. ಬಸುರಿ ಹುಣಿಸೆಕಾಯಿ ಬೇಕು ಎಂದರೆ ಅದು ಬಯಕೆ. ಊರೆಲ್ಲ ಹುಡುಕಿ ತಂದುಕೊಡುತ್ತೇವೆ. ದಪ್ಪ ಇರುವವಳು ಚಕ್ಕುಲಿ ಬೇಕು ಎಂದರೆ ಅದು ಬಾಯಿಚಪಲ. ಎರಡೂ ಕಡೆ ದೇಹವೇ ಕೇಳುತ್ತಿರುತ್ತದೆ, ಒಂದಕ್ಕೆ ಮರ್ಯಾದೆ ಇದೆ, ಇನ್ನೊಂದಕ್ಕೆ ಬೈಗುಳ. ಈ ಎರಡು ವಾರ ಚಪಲ ಎಂಬ ಮಾತನ್ನು ನಿಮ್ಮ ಬಗ್ಗೆ ನೀವು ಬಳಸಬೇಡಿ.

ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳ ಕಾಲ ಅರೆಹೊಟ್ಟೆಯ ಊಟ ಕೊಟ್ಟು ಪರೀಕ್ಷಿಸಿದರು. ಸ್ವಇಚ್ಛೆಯಿಂದ ಬಂದ, ಗಟ್ಟಿ ಮನಸ್ಸಿನ ಹುಡುಗರು ಅವರು. ಕೆಲವು ವಾರಗಳಲ್ಲಿ ಅವರ ಮಾತು, ಕನಸು ಎಲ್ಲವೂ ಊಟವೇ ಆಯಿತು. ಕೆಲವರು ಅಡುಗೆ ಪುಸ್ತಕಗಳನ್ನು ಓದುತ್ತ, ಪಾಕವಿಧಾನಗಳನ್ನು ಕೂಡಿಡುತ್ತ ಕೂತರು. ರಾತ್ರಿ ಹತ್ತಕ್ಕೆ ನೀವು ಮೊಬೈಲಿನಲ್ಲಿ ಬಿರಿಯಾನಿ ಮಾಡುವ ವಿಡಿಯೊ ನೋಡುತ್ತಿದ್ದರೆ ನಿಮ್ಮ ಮಿದುಳು ಮಾಡುತ್ತಿರುವುದೂ ಅದನ್ನೇ. ಆ ವಿಡಿಯೊಗಳು ಕಾಣಿಸದಂತೆ ಎರಡು ವಾರ ಮರೆಮಾಡಿ.

ಹೊಟ್ಟೆಯ ಹಸಿವು ಮತ್ತು ಬಯಕೆಯನ್ನು ಬೇರೆಬೇರೆ ಗುರುತಿಸಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ: ಈಗ ಯಾರಾದರೂ ಒಂದು ಲೋಟ ಬೆಚ್ಚಗಿನ ಬೇಳೆಕಟ್ಟು ಕೊಟ್ಟರೆ ಕುಡಿಯುತ್ತೇನೆಯೇ? ಹೌದು ಎಂದರೆ ಅದು ಹಸಿವು, ಕುಡಿಯಬೇಕು. ಬೇಡ, ಖಾರಾಬೂಂದಿಯೇ ಬೇಕು ಎಂದು ಮನಸ್ಸು ಹೆಸರು ಹಿಡಿದು ಕೇಳಿದರೆ ಅದು ಬಯಕೆ. ಹಸಿವಿಗೆ ಲೋಟ ಸಾಕು. ಬಯಕೆಗೆ ಮುಂದೆ ಹೇಳುವ ಬೇರೆ ಉಪಾಯಗಳು ಬೇಕು.

ಹೆಜ್ಜೆ 1: ಆರಂಭಕ್ಕೆ ಮೂರು ದಿನ ಮೊದಲು ನೋಟ್‌ಬುಕ್ ಹಿಡಿಯಿರಿ

ಸಾಮಾನ್ಯ ಊಟದಲ್ಲಿ ಇರುವಾಗಲೇ ಮೂರು ದಿನ ಇದನ್ನು ಬರೆಯಿರಿ: ಊಟದ ಹೊತ್ತು ಬಿಟ್ಟು ಯಾವಾಗ ಬಾಯಿಗೆ ಏನು ಹೋಯಿತು, ಎಲ್ಲಿ ನಿಂತಿದ್ದಿರಿ, ಪಕ್ಕದಲ್ಲಿ ಯಾರಿದ್ದರು. ನನ್ನ ಪುಸ್ತಕದಲ್ಲಿ ಒಂದೇ ಸಾಲು ಮೂರೂ ದಿನ ಇತ್ತು: "ಸಂಜೆ 5.15, ಅಡುಗೆಮನೆ, ಕಾಫಿ ಜೊತೆ ಏನೋ." ಏನು ತಿಂದೆ ಎಂಬುದೂ ನೆನಪಿರಲಿಲ್ಲ! ಇನ್ನೊಂದು ಸಾಲು ರಾತ್ರಿ 9.45ರದು, ಟಿ.ವಿ. ಮುಂದೆ.

ಬಯಕೆಗೆ ಹೊತ್ತಿದೆ, ಜಾಗವಿದೆ. ಇದು ಗೊತ್ತಾದರೆ ಅದು ಬರುವ ಹದಿನೈದು ನಿಮಿಷ ಮೊದಲೇ ನಿಮ್ಮ ಲೋಟ ಸಿದ್ಧವಾಗಿರುತ್ತದೆ. ನಾನು ಐದು ಗಂಟೆಗೆ ಅಲಾರಂ ಇಟ್ಟು ಬಿಸಿ ಸಾರು ಕುಡಿದು ಆಮೇಲೆ ಅಡುಗೆಮನೆಗೆ ಹೋಗುತ್ತಿದ್ದೆ. ಈ ಬರಹದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

ಈ ಮೂರು ದಿನಗಳಲ್ಲಿ "ಕೊನೆಯ ಊಟ"ದ ಆಸೆ ಬರುತ್ತದೆ. ಇನ್ನು ಜೀವಮಾನದಲ್ಲಿ ಬೆಣ್ಣೆದೋಸೆ ಸಿಗುವುದಿಲ್ಲ ಎಂಬಂತೆ ಹೋಟೆಲಿನಿಂದ ಹೋಟೆಲಿಗೆ ಹೋಗುವವರಿದ್ದಾರೆ. ಶಸ್ತ್ರಚಿಕಿತ್ಸೆಯ ನಂತರ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು ಎಂದು ಹಂತಹಂತವಾಗಿ, ಕೆಲವು ವಾರಗಳಲ್ಲಿ ನಿತ್ಯದ ಊಟ ಸಣ್ಣ ಅಳತೆಯಲ್ಲಿ ಮರಳಿ ಬರುತ್ತದೆ. ದೋಸೆ ಎಲ್ಲಿಗೂ ಹೋಗುವುದಿಲ್ಲ. ಆ ದಿನಗಳಲ್ಲಿ ಕಂಠಮಟ್ಟ ತಿಂದರೆ ಮೊದಲ ಮೂರು ದಿನದ ಹಸಿವು ಇನ್ನಷ್ಟು ಕೆರಳುತ್ತದೆ. ಕಾಫಿ ಬಿಡಬೇಕೆಂದು ಆಸ್ಪತ್ರೆ ಹೇಳಿದ್ದರೆ ಅದನ್ನೂ ಈಗಿನಿಂದಲೇ ಅರ್ಧರ್ಧ ಕಡಿಮೆ ಮಾಡಿ. ಒಮ್ಮೆಗೇ ಬಿಟ್ಟರೆ ಬರುವ ತಲೆನೋವನ್ನು ಹಸಿವಿನ ಲೆಕ್ಕಕ್ಕೆ ಹಾಕಿಬಿಡುತ್ತೇವೆ.

ಹೆಜ್ಜೆ 2: ಮಾತ್ರೆಗಳ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ

ಸಕ್ಕರೆ ಕಾಯಿಲೆ ಇರುವವರು ಇದನ್ನು ಬಿಡುವಂತಿಲ್ಲ. ದಿನಕ್ಕೆ 800ರಿಂದ 1,200 ಕ್ಯಾಲೊರಿ ಮಾತ್ರ ಸೇವಿಸುವಾಗ ಹಳೆಯ ಪ್ರಮಾಣದ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ತೆಗೆದುಕೊಂಡರೆ ರಕ್ತದ ಸಕ್ಕರೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳಿಂದ ಇನ್ನೊಂದು ಅಪಾಯವಿದೆ: ಸಕ್ಕರೆ ಮಟ್ಟ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಬರಬಹುದು. ಇವನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರೇ ಹೇಳಬೇಕು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಗಳನ್ನೂ ತೋರಿಸಿ.

ಇದಕ್ಕೂ ಬಯಕೆಗೂ ಏನು ಸಂಬಂಧ? ಕೈ ನಡುಗಿ, ಬೆವರಿ, ಎದೆ ಬಡಿದುಕೊಂಡು ಏನಾದರೂ ತಿನ್ನಲೇಬೇಕು ಎನಿಸಿದರೆ ಅದು ಬಯಕೆ ಆಗಿರಲಾರದು. ತಕ್ಷಣ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್, ಇಲ್ಲವೇ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರಿರದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಯಿರಿ. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ. ಇದು ಔಷಧಿ. ವ್ರತಭಂಗವಾಯಿತು ಎಂದು ಹಿಂಜರಿದು ಕೂರಬೇಡಿ. ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವಿನ ಜೊತೆ ಉಸಿರು ಏದುತ್ತಿದ್ದರೆ, ಮೂತ್ರ ಬಹಳ ಕಡಿಮೆಯಾದರೆ, ಮಾತು ತೊದಲಿದರೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ಹೆಜ್ಜೆ 3: ಅಡುಗೆಮನೆಯನ್ನು ಸಿದ್ಧಮಾಡಿ

ಮನೆಯವರೆಲ್ಲ ಉಪವಾಸ ಇರಬೇಕಾಗಿಲ್ಲ. ನಾನು ಕೇಳಿದ್ದು ಮೂರೇ: ಎರಡು ವಾರ ಎಣ್ಣೆಯಲ್ಲಿ ಕರಿಯುವುದು ಬೇಡ, ಕುರುಕಲು ತಿಂಡಿಯ ಡಬ್ಬಿಗಳು ಯಜಮಾನರ ಕಪಾಟಿನೊಳಗೆ ಇರಲಿ, ನನ್ನ ಎದುರು "ಪಾಪ" ಎನ್ನುವುದು ಬೇಡ. ಕೊನೆಯದನ್ನು ಪಾಲಿಸಲು ಅವರಿಗೆ ಕಷ್ಟವಾಯಿತು.

ನೀವೇ ಅಡುಗೆ ಮಾಡುವವರಾದರೆ, ಸಾಧ್ಯವಿದ್ದಲ್ಲಿ ಮೊದಲ ನಾಲ್ಕು ದಿನ ಆ ಕೆಲಸ ಬೇರೆಯವರಿಗೆ ಕೊಡಿ. ಆಗದಿದ್ದರೆ ನಾನು ರೊಟ್ಟಿಯ ಸಂಜೆಯ ನಂತರ ಮಾಡಿದ್ದನ್ನು ಮಾಡಿ: ಕೋವಿಡ್ ಕಾಲದ ಮಾಸ್ಕ್ ಒಂದು ಮನೆಯಲ್ಲಿತ್ತು, ಅದನ್ನು ಹಾಕಿಕೊಂಡೇ ಒಲೆಯ ಮುಂದೆ ನಿಂತೆ. ವಾಸನೆ ಪೂರ್ತಿ ತಡೆಯುವುದಿಲ್ಲ, ಆದರೆ ಕೈ ತಾನಾಗಿ ಬಾಯಿಗೆ ಹೋದಾಗ ಬಟ್ಟೆ ಅಡ್ಡ ಬರುತ್ತದೆ, ಎಚ್ಚರವಾಗುತ್ತದೆ. ಹನ್ನೊಂದು ದಿನದಲ್ಲಿ ನಾಲ್ಕು ಸಲ ಅದು ನನ್ನನ್ನು ಹಾಗೆ ತಡೆಯಿತು. ಉಪ್ಪು-ಹುಳಿ ನೋಡುವ ಕೆಲಸವನ್ನು ಮಗಳಿಗೆ ವಹಿಸಿದೆ. ಅನ್ನ, ಚಪಾತಿಯಂಥ ವಾಸನೆ ಕಡಿಮೆ ಇರುವುದನ್ನು ಬೆಳಿಗ್ಗೆಯೇ, ಹೊಟ್ಟೆಯಲ್ಲಿ ಹಾಲು ಇರುವಾಗ ಮಾಡಿಟ್ಟುಬಿಡುತ್ತಿದ್ದೆ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಅವರೇ ಎತ್ತಿ ಹಾಕಬೇಕೆಂಬ ನಿಯಮ ಆಗ ಬಂದದ್ದು ಈಗಲೂ ನಡೆಯುತ್ತಿದೆ.

ಹೆಜ್ಜೆ 4: ಪ್ರೋಟೀನ್ ಲೆಕ್ಕ ತಪ್ಪಿಸಬೇಡಿ

ನಮ್ಮಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿ. ದ್ರವಾಹಾರ ಎಂದರೆ ಗಂಜಿತಿಳಿ, ಎಳನೀರು, ಹಣ್ಣಿನ ರಸ ಎಂದುಕೊಂಡು ಅದನ್ನೇ ಕುಡಿಯುತ್ತಾರೆ. ಗಂಜಿತಿಳಿ ಪಿಷ್ಟ; ಹಣ್ಣಿನ ರಸ ಸಕ್ಕರೆ. ಅವುಗಳಿಂದ ಲಿವರ್ ಕುಗ್ಗುವ ಕೆಲಸವೂ ನಿಧಾನ, ಎರಡು ಗಂಟೆಯಲ್ಲಿ ಹಸಿವೂ ಮತ್ತೆ ಹಾಜರು. ಎಳನೀರಿನಲ್ಲೂ ಸಕ್ಕರೆಯಿದೆ, ಪೊಟ್ಯಾಸಿಯಂ ಹೆಚ್ಚು. ಪಟ್ಟಿಯಲ್ಲಿ ಇದ್ದರೆ ಮಾತ್ರ, ಅದೂ ಹೇಳಿದ ಅಳತೆಗೆ.

ಹಸಿವನ್ನು ಹಿಡಿದಿಡುವುದು ಪ್ರೋಟೀನ್. ಸಾಮಾನ್ಯವಾಗಿ ದಿನಕ್ಕೆ 60ರಿಂದ 80 ಗ್ರಾಂ ಹೇಳುತ್ತಾರೆ. ಒಂದು ಲೀಟರ್ ಹಾಲಿನಲ್ಲಿ ಸುಮಾರು 32 ಗ್ರಾಂ ಇರುತ್ತದೆ. ಬೇಳೆಕಟ್ಟು ರುಚಿಗೆ ಒಳ್ಳೆಯದು, ಆದರೆ ಬೇಳೆ ತಳದಲ್ಲೇ ಉಳಿಯುವುದರಿಂದ ಸೋಸಿದ ನೀರಿನಲ್ಲಿ ಪ್ರೋಟೀನ್ ಅತ್ಯಲ್ಪ. ಹೀಗಾಗಿ ಆಹಾರತಜ್ಞರು ಸೂಚಿಸುವ ಪ್ರೋಟೀನ್ ಪುಡಿ ಬೇಕಾಗುತ್ತದೆ. ಒಂದು ಅಳತೆ ಚಮಚದಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಸಿಗುತ್ತದೆ. ಹಾಲು ಕೆನೆ ತೆಗೆದದ್ದಿರಲಿ, ಇಲ್ಲವೇ ಶೇ. 1.5 ಕೊಬ್ಬಿನ ಡಬಲ್ ಟೋನ್ಡ್ ಇರಲಿ. ಹಾಲು ಹೊಟ್ಟೆಗೆ ಒಗ್ಗದವರಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕಡಿಮೆ ಇರುವ ವೇ ಐಸೊಲೇಟ್ (ಹಾಲಿನಿಂದ ಬೇರ್ಪಡಿಸಿದ ಪ್ರೋಟೀನ್), ಸೋಯಾ ಅಥವಾ ಬಟಾಣಿ ಪ್ರೋಟೀನಿನ ಪುಡಿ ಇದೆ.

ಪುಡಿಯನ್ನು ಕುದಿಯುವ ಹಾಲಿಗೆ ಹಾಕಿದರೆ ಗಂಟುಗಂಟಾಗಿ ಒಡೆದ ಹಾಲಿನಂತಾಗುತ್ತದೆ. ತಣ್ಣನೆಯ ಹಾಲಿನಲ್ಲಿ ಮೊದಲು ಕದಡಿ, ಆಮೇಲೆ ಉಗುರುಬೆಚ್ಚಗಿನ ಹಾಲು ಬೆರೆಸಿ. ನನಗೆ ಮೊದಲ ದಿನ ಇದು ಗೊತ್ತಿರದೆ ಇಡೀ ಲೋಟ ಚೆಲ್ಲಿದೆ, ಆ ದಿನ ರಾತ್ರಿಯ ಹಸಿವು ಅದರ ಫಲ.

ಎರಡೂವರೆ ಗಂಟೆಗೊಮ್ಮೆ ಒಂದು ಲೋಟ, ಅದರ ನಡುವೆ ಗುಟುಕು ಗುಟುಕಾಗಿ ನೀರು, ಎಲ್ಲ ಸೇರಿ ಎರಡು ಲೀಟರಿಗೆ ಕಡಿಮೆ ಆಗಬಾರದು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರ ಅಳತೆ ಮೀರಬಾರದು. ಒಂದು ಲೋಟ ಮುಗಿಸಲು ಇಪ್ಪತ್ತು ನಿಮಿಷ ತೆಗೆದುಕೊಳ್ಳಿ. ಕೊನೆಯ 200 ಮಿ.ಲೀ. ಹಾಲನ್ನು ರಾತ್ರಿ ಒಂಬತ್ತೂವರೆಗೆ ಎತ್ತಿಡಿ, ಆ ಹೊತ್ತು ಖಾಲಿ ಹೊಟ್ಟೆಯಲ್ಲಿ ಕಳೆಯುವುದು ಬಹಳ ಕಷ್ಟ. ಏಕಾದಶಿ, ಶಿವರಾತ್ರಿ ಮಾಡಿ ಅಭ್ಯಾಸ ಇರುವವರು ಲೋಟ ತಪ್ಪಿಸಿ ನಿಟ್ಟುಪವಾಸ ಮಾಡಲು ಹೋಗುತ್ತಾರೆ. ಹಾಗೆ ಮಾಡಬೇಡಿ. ತಪ್ಪಿಸಿದ ಲೋಟದ ಸೇಡನ್ನು ಸಂಜೆಯ ಬಯಕೆ ತೀರಿಸಿಕೊಳ್ಳುತ್ತದೆ.

ಹೆಜ್ಜೆ 5: ಉಪ್ಪು, ಹುಳಿ, ಖಾರ

ಮಾರುಕಟ್ಟೆಯ ಪ್ರೋಟೀನ್ ಪಾನೀಯಗಳಲ್ಲಿ ಹೆಚ್ಚಿನವು ಸಿಹಿ: ಚಾಕೊಲೇಟ್, ವೆನಿಲಾ, ಸ್ಟ್ರಾಬೆರಿ. ಎರಡು ದಿನದಲ್ಲಿ ನಮ್ಮ ನಾಲಗೆ ಸಿಹಿಯಿಂದ ಸೋತು ಉಪ್ಪು-ಹುಳಿ-ಖಾರಕ್ಕೆ ಹಾತೊರೆಯುತ್ತದೆ. ನನ್ನ ಹದಿನಾಲ್ಕು ದಿನಗಳಲ್ಲಿ ಮೈಸೂರುಪಾಕು ಒಮ್ಮೆಯೂ ನೆನಪಾಗಲಿಲ್ಲ. ನೆನಪಾದದ್ದು ಉಪ್ಪಿನಕಾಯಿಯ ರಸ, ಮಂಡಕ್ಕಿ ಜೊತೆಯ ಮೆಣಸಿನಕಾಯಿ, ಸಾರಿನ ಒಗ್ಗರಣೆ. ಆಸ್ಪತ್ರೆ ಕೊಟ್ಟ ಪಟ್ಟಿಯಲ್ಲಿ ಬ್ರೊಕೊಲಿ ಸೂಪಿತ್ತು. ಬ್ರೊಕೊಲಿಯ ಮೇಲೆ ನನಗೇನೂ ಕೋಪವಿಲ್ಲ, ಆದರೆ ಬಯಕೆಯನ್ನು ತಣಿಸುವ ರುಚಿ ನಾವು ಬೆಳೆದ ಮನೆಯ ರುಚಿಯೇ. ನಾನು ಆಹಾರತಜ್ಞೆಯ ಒಪ್ಪಿಗೆ ಪಡೆದು ಮಾಡಿಕೊಂಡ ಮೂರು ಇಲ್ಲಿವೆ.

ಕಟ್ಟಿನ ಸಾರಿನ ತಿಳಿ: ಮನೆಯವರಿಗೆ ತೊಗರಿಬೇಳೆ ಬೇಯಿಸುವಾಗ ಎರಡು ಲೋಟ ನೀರು ಹೆಚ್ಚು ಹಾಕಿ. ಬೆಂದ ಮೇಲೆ ಕದಡದೆ ಹತ್ತು ನಿಮಿಷ ಬಿಟ್ಟರೆ ಕಟ್ಟು ಮೇಲೆ ನಿಲ್ಲುತ್ತದೆ, ಅದನ್ನು ಬಸಿದುಕೊಳ್ಳಿ. ಅರ್ಧ ಚಮಚ ಕಾಳುಮೆಣಸು, ಅಷ್ಟೇ ಜೀರಿಗೆ, ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಗೋಲಿಯಷ್ಟು ಹುಣಿಸೆಹಣ್ಣಿನ ರಸ, ಉಪ್ಪು, ಕೊತ್ತಂಬರಿ ಸೊಪ್ಪಿನ ದಂಟು ಸೇರಿಸಿ ಒಂದು ಕುದಿ ಬರಿಸಿ. ಅರ್ಧ ಟೀ ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು ಮುಚ್ಚಳ ಮುಚ್ಚಿ ಐದು ನಿಮಿಷ ಬಿಡಿ. ಎಲ್ಲ ಆದ ಮೇಲೆ, ಕೊನೆಯಲ್ಲಿ ಸೋಸಬೇಕು. ಮೊದಲೇ ಸೋಸಿದರೆ ಒಗ್ಗರಣೆಯ ಘಮ ನಿಲ್ಲುವುದಿಲ್ಲ. ತಟ್ಟೆಯ ಮೇಲೆ ಬಟ್ಟಲಿಟ್ಟುಕೊಂಡು, ಊಟದ ಜಾಗದಲ್ಲೇ ಕೂತು, ಚಮಚದಲ್ಲಿ ಕುಡಿಯಿರಿ. ನಿಂತು ಗಟಗಟ ಕುಡಿದ ಸಾರು ಊಟವೆಂದು ಮನಸ್ಸಿಗೆ ಅನಿಸುವುದೇ ಇಲ್ಲ.

ಅಪ್ಪೆಹುಳಿ: ನನ್ನ ತವರು ಶಿರಸಿಯ ಕಡೆ. ಅಲ್ಲಿ ಊಟದ ಕೊನೆಗೆ ಬಟ್ಟಲಿನಲ್ಲಿ ಕುಡಿಯುವ ಇದು ದ್ರವಾಹಾರಕ್ಕೆಂದೇ ಹುಟ್ಟಿದಂತಿದೆ. ಅಪ್ಪೆಮಿಡಿ ಅಥವಾ ಹುಳಿ ಮಾವಿನಕಾಯಿಯನ್ನು ಬೇಯಿಸಿ ಕಿವುಚಿ, ಸಾಕಷ್ಟು ನೀರು, ಉಪ್ಪು, ಜಜ್ಜಿದ ಹಸಿಮೆಣಸು, ಇಂಗು-ಸಾಸಿವೆಯ ಒಗ್ಗರಣೆ. ಬೆಲ್ಲ ಹಾಕಬೇಡಿ. ಸೋಸಿ ಕುಡಿದರೆ ಕಿವಿಯವರೆಗೆ ಏರುವ ಆ ಹುಳಿಗೆ ಚಾಟ್ ಅಂಗಡಿಯ ಬಯಕೆ ಅರ್ಧದಷ್ಟು ಇಳಿಯುತ್ತದೆ. ಕರಾವಳಿಯವರಿಗೆ ಪುನರ್ಪುಳಿ ಸಾರು ಇದೇ ಕೆಲಸ ಮಾಡುತ್ತದೆ. ಎದೆಯುರಿ, ಹುಳಿತೇಗು ಇರುವವರು ಹುಳಿ-ಖಾರ ಎರಡನ್ನೂ ಬಿಟ್ಟು ಜೀರಿಗೆ ಕಷಾಯಕ್ಕೆ ನಿಲ್ಲಬೇಕು, ಬಿ.ಪಿ. ಇರುವವರು ಉಪ್ಪಿನ ಮೇಲೆ ಕಣ್ಣಿಡಬೇಕು.

ಮಜ್ಜಿಗೆಯ ಮಂಜು: ಕೆನೆ ಇಲ್ಲದ ಮೊಸರನ್ನು ಕಡೆದು ನೀರು ಮಜ್ಜಿಗೆ ಮಾಡಿ, ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿ, ಸೋಸಿ, ಫ್ರೀಜರಿನಲ್ಲಿಡಿ. ಎರಡು ಗಂಟೆ ಬಿಟ್ಟು ಚಮಚದಲ್ಲಿ ಕೆರೆದರೆ ಪುಡಿಪುಡಿ ಮಂಜು ಸಿಗುತ್ತದೆ. ಈ ದಿನಗಳಲ್ಲಿ ಹಲ್ಲಿಗೆ ಕೆಲಸವೇ ಇಲ್ಲದಿರುವುದು ಒಂದು ವಿಚಿತ್ರ ಸಂಕಟ. ಗರಿಗರಿಯಾದದ್ದನ್ನು ಕಡಿಯುವ ಆಸೆ ಹಸಿವಿಗಿಂತ ಹೆಚ್ಚು ಕಾಡುತ್ತದೆ. ಬಾಯಲ್ಲಿ ಕರಗುವ ಮೊದಲು ಒಂದು ಕ್ಷಣ ಹಲ್ಲಿನ ನಡುವೆ ಕರಕರ ಎನ್ನುವ ಈ ಮಂಜು ಆ ಆಸೆಯನ್ನು ಸ್ವಲ್ಪ ತೀರಿಸುತ್ತದೆ.

ಮಾಂಸಾಹಾರಿಗಳು ಕೋಳಿ ಸಾರಿನ ತಿಳಿಯನ್ನು ಫ್ರಿಜ್ಜಿನಲ್ಲಿಟ್ಟು, ಮೇಲೆ ಹೆಪ್ಪುಗಟ್ಟಿದ ಜಿಡ್ಡನ್ನು ಎತ್ತಿ ಹಾಕಿ ಕಾಯಿಸಿಕೊಳ್ಳಬಹುದು.

ಹೆಜ್ಜೆ 6: ಅಲೆ ಎದ್ದಾಗಿನ ಇಪ್ಪತ್ತು ನಿಮಿಷ

ಚಟಗಳ ಬಗ್ಗೆ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಬಯಕೆಯನ್ನು ಸಮುದ್ರದ ಅಲೆಗೆ ಹೋಲಿಸಿ, ಅದರ ಜೊತೆ ಗುದ್ದಾಡದೆ ಅದರ ಮೇಲೆ ತೇಲುವುದನ್ನು ಕಲಿಸಿದರು. ಏಳುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಗಡಿಯಾರ ನೋಡಿ ಬರೆದ ಹೊತ್ತುಗಳಿವೆ: ಹನ್ನೆರಡು ನಿಮಿಷ, ಹದಿನೆಂಟು, ಒಂದೇ ಒಂದು ಮೂವತ್ತೈದರದು. ಆ ಮೂವತ್ತೈದು ನಿಮಿಷದ ದಿನ ನಾನು ಅಡುಗೆಮನೆಯಲ್ಲೇ ಕೂತಿದ್ದೆ.

ಅಲೆ ಎದ್ದ ಕೂಡಲೇ ಜಾಗ ಬಿಡಿ. ಅಡುಗೆಮನೆಯಿಂದ ಮಹಡಿಗೆ, ಕಚೇರಿಯ ಕ್ಯಾಂಟೀನಿನಿಂದ ಮೆಟ್ಟಿಲ ಬಳಿಗೆ. ಬೆಚ್ಚಗಿನದೇನಾದರೂ ಒಂದು ಲೋಟ ಕೈಯಲ್ಲಿರಲಿ. ಬೇಕಾದರೆ ಹಲ್ಲುಜ್ಜಿಬಿಡಿ; ಪೇಸ್ಟಿನ ರುಚಿಯ ಮೇಲೆ ಯಾವ ತಿಂಡಿಯೂ ಹಿತವೆನಿಸುವುದಿಲ್ಲ.

ಆಮೇಲೆ ಕಣ್ಣಿಗೆ ಕೆಲಸ ಕೊಡಿ. ಬಯಕೆ ಎಂಬುದು ಬಹುಪಾಲು ಮನಸ್ಸಿನೊಳಗಿನ ಚಿತ್ರ: ಕಾವಲಿಯ ಮೇಲಿನ ದೋಸೆ, ಕರಗುವ ಬೆಣ್ಣೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೇಲಿನಿಂದ ಬೀಳುವ ಚೌಕಗಳನ್ನು ಜೋಡಿಸುವ ಟೆಟ್ರಿಸ್ ಆಟವನ್ನು ಕೆಲವೇ ನಿಮಿಷ ಆಡಿದವರಲ್ಲಿ ಬಯಕೆಯ ತೀವ್ರತೆ ಇಳಿದಿತ್ತು. ಆಟದ ಚಿತ್ರ ತುಂಬಿಕೊಂಡ ಮನಸ್ಸಿನಲ್ಲಿ ತಿಂಡಿಯ ಚಿತ್ರಕ್ಕೆ ಜಾಗ ಸಾಲುವುದಿಲ್ಲ. ನನಗೆ ಆ ಆಟ ಬರುವುದಿಲ್ಲ. ನಾನು ಚೌಕಳಿ ಹಾಳೆಯ ಮೇಲೆ ಹದಿಮೂರರಿಂದ ಏಳರವರೆಗಿನ ಚುಕ್ಕಿ ಇಟ್ಟು ರಂಗೋಲಿ ಎಳೆಯುತ್ತಿದ್ದೆ. ಎಳೆ ಎಲ್ಲಿ ತಿರುಗಬೇಕು, ಯಾವ ಚುಕ್ಕಿ ಬಿಟ್ಟುಹೋಯಿತು ಎಂದು ಹುಡುಕುವಷ್ಟರಲ್ಲಿ ಬಜ್ಜಿ ಮರೆಯಾಗುತ್ತಿತ್ತು. ಟಿ.ವಿ. ಈ ಕೆಲಸಕ್ಕೆ ಬಾರದು. ಹತ್ತು ನಿಮಿಷಕ್ಕೊಮ್ಮೆ ತಿನ್ನುವ ಜಾಹೀರಾತು ಬರುತ್ತದೆ.

ಇಪ್ಪತ್ತು ನಿಮಿಷವಾದರೂ ಇಳಿಯದಿದ್ದರೆ ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೇಳಿಕೊಳ್ಳಿ. ಎಷ್ಟೋ ಸಲ ಒಂದು ಲೋಟ ತಪ್ಪಿರುತ್ತದೆ, ಇಲ್ಲವೇ ಹಿಂದಿನ ರಾತ್ರಿ ನಿದ್ದೆ ಕೆಟ್ಟಿರುತ್ತದೆ. ಇನ್ನು ಕೆಲವು ಸಲ ಹೊಟ್ಟೆಗೆ ಸಂಬಂಧವೇ ಇರುವುದಿಲ್ಲ. ಎಂಟನೆಯ ದಿನ ನಾನು ಊರಿನಿಂದ ಬಂದ ಒಂದು ಫೋನಿನ ನಂತರ ತಿನ್ನಲು ಹುಡುಕಿದೆ. ದುಃಖವಾದಾಗ ತಿನ್ನುತ್ತ ಬಂದ ನಮಗೆ ಆ ದಾರಿ ಮುಚ್ಚಿದಾಗ ದುಃಖ ಬರಿಗೈಯಲ್ಲಿ ಎದುರು ನಿಲ್ಲುತ್ತದೆ. ಆಗ ಮಾತನಾಡಲು ಒಬ್ಬರು ಬೇಕು. ಮೊದಲೇ ಒಬ್ಬ ಗೆಳತಿಗೆ, ತಮ್ಮನಿಗೆ ಹೇಳಿಟ್ಟಿರಿ. ಮೊದಲಿನಿಂದಲೂ ತಡೆಯಿಲ್ಲದೆ ತಿನ್ನುವ, ರಾತ್ರಿ ಎದ್ದು ತಿನ್ನುವ ಅಭ್ಯಾಸ ಇದ್ದರೆ ಆಸ್ಪತ್ರೆಯ ಮನಶ್ಶಾಸ್ತ್ರಜ್ಞರಿಗೆ ಬಾಯಿಬಿಟ್ಟು ಹೇಳಿ. ಅವರು ಇರುವುದೇ ಅದಕ್ಕೆ.

ಹೆಜ್ಜೆ 7: "ಒಂದು ತುತ್ತಿಗೆ ಏನೂ ಆಗುವುದಿಲ್ಲ" ಎನ್ನುವವರು

ಪ್ರೀತಿಯಿಂದಲೇ ಹೇಳುತ್ತಾರೆ, ಅದಕ್ಕೇ ತಡೆಯುವುದು ಕಷ್ಟ. ಶಸ್ತ್ರಚಿಕಿತ್ಸೆಯ ವಿಷಯ ಎಲ್ಲರಿಗೂ ಹೇಳಬೇಕಾಗಿಲ್ಲ. "ಲಿವರಿಗೆ ಚಿಕಿತ್ಸೆ ನಡೆಯುತ್ತಿದೆ, ಡಾಕ್ಟರು ಗಟ್ಟಿ ಆಹಾರ ಬೇಡ ಎಂದಿದ್ದಾರೆ" ಎಂದರೆ ಸುಳ್ಳೂ ಅಲ್ಲ, ಒತ್ತಾಯವೂ ನಿಲ್ಲುತ್ತದೆ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಿ. ತೀರ್ಥಕ್ಕೆ ಅಡ್ಡಿಯಿಲ್ಲ. ಮದುವೆ, ಗೃಹಪ್ರವೇಶಗಳಿಗೆ ಊಟದ ಹೊತ್ತು ತಪ್ಪಿಸಿ ಹೋಗಿ ಬನ್ನಿ. ಮನೆಗೆ ಮರಳುವ ದಾರಿಯಲ್ಲಿ ಬೇಕರಿ ಇದ್ದರೆ ಎರಡು ವಾರ ಹಿಂದಿನ ಬೀದಿಯಲ್ಲಿ ನಡೆಯಿರಿ.

ನನ್ನ ಅತ್ತೆ ಮೊದಲ ದಿನ, "ಇಷ್ಟು ವರ್ಷ ಕೈತುಂಬ ಬಡಿಸಿದವಳು, ಈಗ ನಿನ್ನ ಎದುರು ಹೇಗೆ ಉಣ್ಣಲಿ?" ಎಂದು ತಟ್ಟೆ ದೂಡಿದರು. "ನೀವು ಉಣ್ಣದಿದ್ದರೆ ನನಗೆ ಇನ್ನೂ ಕಷ್ಟ, ಅತ್ತೆ" ಎಂದೆ. ಮಾರನೆಯ ದಿನದಿಂದ ನನ್ನ ಸಾರು ಸೋಸುವ ಕೆಲಸ ಅವರೇ ವಹಿಸಿಕೊಂಡರು. ಸೋಸುವ ಬಟ್ಟೆಯನ್ನು ಒಗೆದು, ಬಿಸಿಲಿಗೆ ಹಾಕಿ, ಮಡಿಸಿಡುತ್ತಿದ್ದರು.

ಜಾರಿದರೆ

ತಿಂದುಬಿಟ್ಟಿರಿ ಎಂದುಕೊಳ್ಳಿ. ಮುಂದಿನ ಲೋಟವನ್ನು ಅದರ ಹೊತ್ತಿಗೆ ಕುಡಿಯಿರಿ. ಶಿಕ್ಷೆಯೆಂದು ಬಿಡಬೇಡಿ, ಬೆರಳು ಹಾಕಿ ವಾಂತಿ ಮಾಡಬೇಡಿ. ಏನು, ಎಷ್ಟು, ಎಷ್ಟು ಹೊತ್ತಿಗೆ ಎಂದು ಬರೆದು ಆಹಾರತಜ್ಞರಿಗೆ ಹೇಳಿ. ಮೊದಲ ವಾರದ ಒಂದು ಇಡ್ಲಿ ಶಸ್ತ್ರಚಿಕಿತ್ಸೆಯನ್ನು ಕೆಡಿಸಲಾರದು. ಒಂದು ಇಡ್ಲಿ ಹೇಗೂ ಹೋಯಿತು ಎಂದು ಇಡೀ ದಿನ ತಿಂದರೆ ತೊಂದರೆ. ಕೊನೆಯ ದಿನದ ವಿಷಯ ಬೇರೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿ ಆಹಾರವಿದ್ದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಅದು ಪ್ರಾಣಕ್ಕೆ ಅಪಾಯ. ಹಿಂದಿನ ರಾತ್ರಿ ಒಂದು ಬಿಸ್ಕತ್ತು ತಿಂದಿದ್ದರೂ ನಾಚಿಕೆ ಬಿಟ್ಟು ಹೇಳಲೇಬೇಕು. ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅದು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ.

ಎರಡನೆಯ ವಾರ

ಮೊದಲ ಮೂರು ದಿನ ತಲೆನೋವು, ಸಿಡುಕು, ಬಾಯಿಯ ವಾಸನೆ, ಆಯಾಸ. ದೇಹ ಕೊಬ್ಬನ್ನು ಉರಿಸಲು ತೊಡಗಿ, ಅದರಿಂದ ಹುಟ್ಟುವ ಕೀಟೋನುಗಳು ಹೆಚ್ಚಿದ ಮೇಲೆ, ನಾಲ್ಕನೆಯ ಅಥವಾ ಐದನೆಯ ದಿನದಿಂದ ಹಸಿವು ಬಹಳ ಮಂದಿಗೆ ತಾನಾಗಿ ತಗ್ಗುತ್ತದೆ. ಮಲಬದ್ಧತೆ ಆದರೆ ಇಸಬಗೋಲು ತೆಗೆದುಕೊಳ್ಳಬಹುದೇ ಎಂದು ಕೇಳಿ.

ಎರಡನೆಯ ವಾರದ ಕಷ್ಟ ಬೇರೆ: ಬೇಸರ, ಮತ್ತು ಒಂದು ಚೌಕಾಸಿ. "ಇಷ್ಟು ಕಿಲೊ ಇಳಿದಿದ್ದೇನೆ, ಹೀಗೇ ಮುಂದುವರಿದರೆ ಆಪರೇಷನ್ ಯಾಕೆ ಬೇಕು?" ಒಂಬತ್ತನೆಯ ದಿನ ನನಗೂ ಹಾಗೆಯೇ ಅನಿಸಿತು. ಆ ಇಳಿಕೆಯಲ್ಲಿ ಗ್ಲೈಕೋಜನ್ ಬಿಟ್ಟುಕೊಟ್ಟ ನೀರಿನ ಪಾಲು ದೊಡ್ಡದು. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಖಂಡಿತ ಬೆಲೆಯಿದೆ, ಅದನ್ನು ವೈದ್ಯರ ಎದುರು ಕೂತು ಕೇಳಿ. ಹಸಿದ ರಾತ್ರಿ ಹತ್ತು ಗಂಟೆಗೆ ಒಬ್ಬರೇ ತೀರ್ಮಾನಿಸಬೇಡಿ.

ಇನ್ನೊಂದು ಭಯ: ಜೀವನಪೂರ್ತಿ ಹೀಗೇ ಹಸಿದಿರಬೇಕೇ? ಹಸಿವನ್ನು ಕೆರಳಿಸುವ ಘ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ಅದು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ಬಗೆಯ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಶೇ. 75ರಿಂದ 80 ಭಾಗ ತೆಗೆಯುವಾಗ ಆ ಮೇಲ್ಭಾಗವೂ ಹೋಗುತ್ತದೆ. ಈ ಎರಡು ವಾರ ನೀವು ಹಸಿವನ್ನು ಪೂರ್ತಿ ಜಠರದೊಂದಿಗೆ ಎದುರಿಸುತ್ತಿದ್ದೀರಿ. ನನ್ನ ಅನುಭವದಲ್ಲಿ ಶಸ್ತ್ರಚಿಕಿತ್ಸೆಯ ನಂತರದ ದ್ರವಾಹಾರ ಇದರ ಕಾಲುಭಾಗದಷ್ಟೂ ಕಷ್ಟವಾಗಲಿಲ್ಲ.

ಕೊನೆಯ ದಿನ

ಹಲವು ಕಡೆ ಕೊನೆಯ ದಿನ ಹಾಲು, ಪ್ರೋಟೀನ್ ಪಾನೀಯವನ್ನೂ ನಿಲ್ಲಿಸಿ ತಿಳಿದ್ರವ ಮಾತ್ರ ಕೊಡುತ್ತಾರೆ: ನೀರು, ಸೋಸಿದ ತಿಳಿಸಾರು, ಹಾಲಿಲ್ಲದ ಚಹಾ. ಎಷ್ಟು ಗಂಟೆಗೆ ಎಲ್ಲವನ್ನೂ ನಿಲ್ಲಿಸಬೇಕೆಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಅಂದು ಅಡುಗೆಮನೆಗೆ ಹೋಗಲೇಬೇಡಿ. ಚೀಲ ತುಂಬುವುದು, ತಲೆಗೆ ನೀರು ಹಾಕಿಕೊಳ್ಳುವುದು, ಮಕ್ಕಳ ಬಟ್ಟೆ ಎತ್ತಿಡುವುದು, ಹೀಗೆ ಕೈಗೆ ಕೆಲಸವಿರಲಿ.

ನೋಟ್‌ಬುಕ್ಕನ್ನು ಚೀಲದ ಮೇಲ್ಭಾಗದಲ್ಲಿಡಿ. ಕೊನೆಯದಾಗಿ ಏನು ತೆಗೆದುಕೊಂಡಿರಿ, ಎಷ್ಟು ಹೊತ್ತಿಗೆ ಎಂದು ದಾಖಲಾಗುವಾಗ ನರ್ಸ್ ಕೇಳುತ್ತಾರೆ, ಆಮೇಲೆ ಅರಿವಳಿಕೆ ತಜ್ಞರು ಕೇಳುತ್ತಾರೆ, ಆತಂಕದಲ್ಲಿ ನೆನಪು ಕೈಕೊಡುತ್ತದೆ. ನಾನು ಪುಟ ತೆರೆದು ಅವರ ಕೈಗೇ ಕೊಟ್ಟೆ. ಕೊನೆಯ ಸಾಲು ಹೀಗಿತ್ತು: "ರಾತ್ರಿ 9.40, ತಿಳಿಸಾರು, ಒಂದು ಬಟ್ಟಲು. ಅತ್ತೆ ಸೋಸಿದ್ದು."